ಕ್ಯಾಟ್‌ನಲ್ಲಿ ಎಷ್ಟು ಪ್ರಶ್ನೆ ಬಿಡಬೇಕು?

ಪ್ರಶ್ನೆ (ಮೂಡಿಗೆರೆಯಿಂದ):
ಸರ್, ನಮಸ್ಕಾರ. ಚಿಕ್ಕಮಗಳೂರಲ್ಲಿ ಬಿ.ಕಾಂ. ಮುಗಿಸಿದ್ದೇನೆ. ಹತ್ತನೇ ಕ್ಲಾಸಿನವರೆಗೆ ಕನ್ನಡ ಮೀಡಿಯಂ. ನವೆಂಬರಿನಲ್ಲಿ ಕ್ಯಾಟ್, ಅಂದರೆ ಐಐಎಂಗಳಂಥ ಮ್ಯಾನೇಜ್‌ಮೆಂಟ್ ಸಂಸ್ಥೆಗಳಲ್ಲಿ ಎಂಬಿಎ ಸೇರೋಕೆ ಇರೋ ಪ್ರವೇಶ ಪರೀಕ್ಷೆ, ಬರೀಬೇಕು. ದುಡ್ಡು ಕಟ್ಟಿ ಆನ್‌ಲೈನ್ ಮಾಕ್ ಟೆಸ್ಟ್ (ಅಭ್ಯಾಸ ಪರೀಕ್ಷೆ) ತಗೊಂಡಿದ್ದೇನೆ. ಓದಿದಷ್ಟೂ ಅಂಕ ಇಳೀತಾ ಇದೆ. ಕಳೆದ ಸಲ ಗಣಿತದ 22 ಪ್ರಶ್ನೆಯಲ್ಲಿ 19 ಮಾಡಿದೆ, 7 ಸರಿ, 12 ತಪ್ಪು. ಕೋಚಿಂಗ್‌ನವರನ್ನ ಕೇಳಿದರೆ ‘ಸ್ಪೀಡ್ ಜಾಸ್ತಿ ಮಾಡಿ’ ಅಂತಾರೆ. ಇಂಗ್ಲಿಷ್ ಪ್ಯಾಸೇಜಂತೂ ಎರಡು ಸಲ ಓದಿದರೂ ತಲೆಗೆ ಹತ್ತಲ್ಲ. ನನ್ನಂಥವರಿಗೆ ಇದು ಆಗೋ ಮಾತಾ?

ಉತ್ತರ (ಆಪ್ಟಿಟ್ಯೂಡ್ ಪಾಠ ಮಾಡುವ ಮೇಷ್ಟ್ರು, ಚಿಕ್ಕಮಗಳೂರು):
ನೋಡಮ್ಮ, ನಿನಗೆ ಸ್ಪೀಡ್ ಕಮ್ಮಿ ಇಲ್ಲ, ಜಾಸ್ತಿಯೇ ಆಗಿದೆ. ಗಣಿತಕ್ಕೆ ಸಿಗೋದು 40 ನಿಮಿಷ. 19 ಪ್ರಶ್ನೆಗೆ ಕೈಹಾಕಿದರೆ ಒಂದಕ್ಕೆ ಎರಡು ನಿಮಿಷ ಚಿಲ್ಲರೆ ಅಷ್ಟೇ ಬೀಳುತ್ತೆ. ಸರಿಯಾದರೆ 3, ಆಯ್ಕೆ ಪ್ರಶ್ನೆ ತಪ್ಪಿದರೆ ಮೈನಸ್ 1. ನಿನ್ನ 12 ತಪ್ಪಲ್ಲಿ ಎರಡು ಉತ್ತರ ಟೈಪ್ ಮಾಡುವವು ಅಂತಿಟ್ಟುಕೋ, ಅವಕ್ಕೆ ಅಂಕ ಕಳೆಯಲ್ಲ. ಆಗ 21ರಲ್ಲಿ 10 ಹೋಗಿ ಉಳಿದದ್ದು 11. ಅದೇ 10 ಪ್ರಶ್ನೆ ಮಾತ್ರ ಮಾಡಿ 7 ಸರಿ ಮಾಡಿದ್ದರೆ, ಮೂರು ತಪ್ಪಿಗೆ ಮೂರು ಕಳೆದರೂ 18 ಇರ್ತಿತ್ತು.

ಪದವಿ ಪರೀಕ್ಷೆಯ ಅಭ್ಯಾಸ ನಮ್ಮನ್ನ ಕೆಡಿಸಿರೋದು ಇಲ್ಲೇ. ಅಲ್ಲಿ ಖಾಲಿ ಬಿಟ್ಟರೆ ನಷ್ಟ, ಏನೋ ಒಂದು ಗೀಚಿದರೆ ಎರಡು ಅಂಕವಾದರೂ ಬರುತ್ತೆ. ಇಲ್ಲಿ ಬಿಡೋದನ್ನ ಕಲಿಯದವರು ಮುಳುಗ್ತಾರೆ. 2024ರಲ್ಲಿ ಸುಮಾರು 2.93 ಲಕ್ಷ ಜನ ಬರೆದರು. ಪರ್ಸೆಂಟೈಲ್ ಅಂದರೆ ಅವರ ನಡುವೆ ನಿನ್ನ ಜಾಗ. ಪೇಪರ್ ಕಷ್ಟ ಬಂದರೆ ಎಲ್ಲರಿಗೂ ಕಷ್ಟವೇ, ಅದಕ್ಕೆ ಎದೆಗುಂದಬೇಡ.

ಡೇಟಾ-ಲಾಜಿಕ್ ಭಾಗದಲ್ಲಿ (ಅಂಕಿಅಂಶ, ತರ್ಕದ ಪ್ರಶ್ನೆಗಳು) ಇದು ಇನ್ನೂ ಕಟುಸತ್ಯ. 2024ರಲ್ಲಿ ಐದು ಸೆಟ್, 22 ಪ್ರಶ್ನೆ; ಒಂದು ಸೆಟ್ ಅಂದರೆ ಒಂದೇ ಮಾಹಿತಿ ಮೇಲೆ ನಾಲ್ಕೈದು ಪ್ರಶ್ನೆ. ಮೊದಲ ಐದಾರು ನಿಮಿಷ ಪೆನ್ನು ಮುಟ್ಟದೆ ಐದನ್ನೂ ಓದು. ಯಾವುದರಲ್ಲಿ ಷರತ್ತು ಸ್ಪಷ್ಟವಾಗಿದೆ, ಯಾವುದಕ್ಕೆ ಕೋಷ್ಟಕ ಹಾಕಬಹುದು ಅಂತ ನೋಡು. ಎರಡು ಸೆಟ್ ಪೂರ್ತಿ ಸರಿಯಾದರೆ ಎಂಟರಿಂದ ಹತ್ತು ಪ್ರಶ್ನೆ, 24ರಿಂದ 30 ಅಂಕ. ಮೊದಲು ಕಂಡ ಸೆಟ್‌ಗೆ ಜೋತುಬಿದ್ದು 20 ನಿಮಿಷ ಸುಟ್ಟವರನ್ನ ಪ್ರತಿ ವರ್ಷ ನೋಡ್ತೀನಿ. ಬುದ್ಧಿವಂತರೇ ಜಾಸ್ತಿ ಹಾಗೆ ಮಾಡೋದು, ಹಟ ಬಿಡಲ್ಲ.

ಇಂಗ್ಲಿಷ್‌ಗೆ ಒಂದು ಉಪಾಯ. ದಿನಕ್ಕೆ ಒಂದು ಸಂಪಾದಕೀಯ ಓದು, ಆಮೇಲೆ ಪತ್ರಿಕೆ ಮಡಚಿಟ್ಟು ‘ಇವನು ಏನು ಹೇಳ್ತಾನೆ, ಯಾರ ಮಾತು ಒಪ್ಪಲ್ಲ’ ಅಂತ ಕನ್ನಡದಲ್ಲೇ ಅಮ್ಮನಿಗೆ ಎರಡು ವಾಕ್ಯದಲ್ಲಿ ಹೇಳು. ಹೇಳಕ್ಕೆ ಬಂತೋ, ಪ್ಯಾಸೇಜ್ ದಕ್ಕಿತು. ಪದದ ಅರ್ಥ ಪಟ್ಟಿ ಮಾಡ್ತಾ ಕೂತರೆ ನವೆಂಬರ್ ಬಂದುಬಿಡುತ್ತೆ. ಆದರೆ ಈ ಭಾಗ ಕೈಬಿಡೋ ಹಾಗಿಲ್ಲ. ಐಐಎಂಗಳು ಒಟ್ಟು ಪರ್ಸೆಂಟೈಲ್ ಜೊತೆ ಪ್ರತಿ ವಿಭಾಗಕ್ಕೂ ಕನಿಷ್ಠ ಮಿತಿ ಇಟ್ಟಿರ್ತವೆ.

ಪ್ರಶ್ನೆ (ಅದೇ ಹುಡುಗಿ):
ಸರ್, ಗೊತ್ತಿಲ್ಲದ್ದಕ್ಕೆ ಸುಮ್ಮನೆ ಒಂದು ಟಿಕ್ ಹಾಕಬಹುದಾ? ಮಾಕ್ ಎಲ್ಲ ಮೊಬೈಲಲ್ಲೇ ಬರೀತೀನಿ, ಪರವಾಗಿಲ್ವಾ?

ಉತ್ತರ (ಮೇಷ್ಟ್ರು):
ನಾಲ್ಕು ಆಯ್ಕೆಯಲ್ಲಿ ಕಣ್ಣುಮುಚ್ಚಿ ಹಾಕಿದರೆ ನಾಲ್ಕು ಸಲಕ್ಕೆ ಒಂದು ಸರಿ: +3, ಉಳಿದ ಮೂರಕ್ಕೆ −3. ಸರಾಸರಿ ಸೊನ್ನೆ. ಒಂದು ಆಯ್ಕೆಯನ್ನ ಖಂಡಿತ ತಪ್ಪು ಅಂತ ಹೊಡೆದುಹಾಕಿದ ಮೇಲೆ ಮಾತ್ರ ಊಹೆಯಲ್ಲಿ ಲಾಭ ಇದೆ.

ಮೊಬೈಲ್ ಬೇಡವೇ ಬೇಡ. ಪರೀಕ್ಷೆ ಇರೋದು ಕಂಪ್ಯೂಟರಿನಲ್ಲಿ, ಕ್ಯಾಲ್ಕುಲೇಟರ್ ಕೂಡ ಪರದೆ ಮೇಲೆ, ಮೌಸಲ್ಲಿ ಒತ್ತಬೇಕು. ವಾರಕ್ಕೊಂದು ದಿನ ಪೇಟೆಗೆ ಬಂದು ಸೈಬರ್‌ನಲ್ಲಿ ಎರಡು ಗಂಟೆ ಕೂತು ಬರೆ. ಮನೆಯಲ್ಲಿ ಮಳೆಗೆ ಕರೆಂಟ್ ಹೋಗೋ ತಾಪತ್ರಯವೂ ತಪ್ಪುತ್ತೆ.

ಪಿಜಿಸಿಇಟಿ (ನಮ್ಮ ರಾಜ್ಯದ ಕಾಲೇಜುಗಳ ಎಂಬಿಎ ಪ್ರವೇಶ ಪರೀಕ್ಷೆ) ಅರ್ಜಿಯನ್ನೂ ಹಾಕು. ಅಲ್ಲಿ ನೆಗೆಟಿವ್ ಅಂಕ ಇಲ್ಲ, ಹಾಗಾಗಿ ಲೆಕ್ಕ ಪೂರಾ ತಿರುಗಾಮುರುಗಾ. ಒಂದನ್ನೂ ಖಾಲಿ ಬಿಡಬಾರದು.

ಇನ್ನೊಬ್ಬರು (ಕಾಫಿ ಬೆಳೆಗಾರರು, ಬಾಳೆಹೊನ್ನೂರು ಕಡೆ):
ಮೇಷ್ಟ್ರೇ, ಇದು ನಮ್ಮ ಅರೇಬಿಕಾ ಕುಯ್ಲಿನ ಥರವೇ ಆಯ್ತಲ್ಲ! ಮೊದಲು ಫ್ಲೈ ಪಿಕಿಂಗ್, ಕೆಂಪಾದ ಹಣ್ಣು ಮಾತ್ರ. ಗಿಡದ ಮುಂದೆ ನಿಂತು ಕಾಯಿ ಕಿತ್ತರೆ ಮೇಸ್ತ್ರಿ ಬಯ್ತಾನೆ. ಆದರೆ ಕೊನೇಲಿ ನಾವು ಸ್ಟ್ರಿಪ್ಪಿಂಗ್ ಮಾಡ್ತೀವಿ, ಇರೋದೆಲ್ಲ ಕೀಳ್ತೀವಿ. ನಿಮ್ಮಲ್ಲಿ ಅದಿಲ್ವಾ?

ಉತ್ತರ (ಮೇಷ್ಟ್ರು):
ಇದೆ ಗೌಡ್ರೇ, ನಾನೇ ಹೇಳೋದು ಮರೆತಿದ್ದೆ. ಕೊನೆಯ ಮೂರು ನಿಮಿಷದಲ್ಲಿ ಟೈಪ್ ಮಾಡುವ ಪ್ರಶ್ನೆ ಖಾಲಿ ಉಳಿದಿದ್ದರೆ ತೋಚಿದ ಸಂಖ್ಯೆ ತುಂಬಬೇಕು. ಹೋದರೆ ಏನೂ ಹೋಗಲ್ಲ. ಆದರೆ ಒಂದು ವ್ಯತ್ಯಾಸ: ನಿಮ್ಮ ತೋಟಕ್ಕೆ ಮತ್ತೆ ವಾಪಸು ಹೋಗಬಹುದು, ಇಲ್ಲಿ 40 ನಿಮಿಷ ಮುಗಿದರೆ ಆ ವಿಭಾಗದ ಗೇಟು ಮುಚ್ಚಿತು. ಇಂಗ್ಲಿಷ್, ಡೇಟಾ, ಗಣಿತ, ಇದೇ ಕ್ರಮ, ಹಿಂದಕ್ಕೆ ಬರೋ ಹಾಗಿಲ್ಲ.

ಹುಡುಗಿ (ಎರಡು ವಾರದ ನಂತರ):
ಸರ್, ಸೈಬರಿಗೆ ಬಂದು ಬರೆದೆ. ಗಣಿತದಲ್ಲಿ 12 ಮುಟ್ಟಿ 8 ಸರಿ. ತಪ್ಪಿದ ನಾಲ್ಕರಲ್ಲಿ ಒಂದು ಟೈಪ್ ಮಾಡುವಂಥದ್ದು, ಹಾಗಾಗಿ 21 ಬಂತು. ಡೇಟಾದಲ್ಲಿ ಮಾತ್ರ ಮತ್ತೆ ಮೊದಲ ಸೆಟ್ಟಿಗೇ ಅಂಟಿಕೊಂಡೆ, 6 ಬಂತು.

ಮೇಷ್ಟ್ರು:
ಆ ಐದೂ ಸೆಟ್ಟಿನ ಫೋಟೊ ಹಾಕು. ಬಿಡಿಸಬೇಡ, ಯಾವುದನ್ನ ಮೊದಲು ಹಿಡೀತಿದ್ದೆ, ಯಾಕೆ ಅಂತ ಮಾತ್ರ ಬರಿ.