ಹಳೆಯ ಲೇತಿನ ಸ್ಪಿಂಡಲ್ ಥ್ರೆಡ್ ಯಾವುದು? ಚಕ್ ಹೊಂದಿಸುವುದು ಹೇಗೆ?

ಪ್ರಶ್ನೆ: ನೇಮ್‌ಪ್ಲೇಟ್ ಇಲ್ಲದ ಹಳೆಯ ಬೆಂಚ್ ಲೇತ್. ಚಕ್ (ಕೆಲಸದ ತುಂಡನ್ನು ಹಿಡಿಯುವ ಸಾಧನ) ಕೂರುವ ಸ್ಪಿಂಡಲ್ (ತಿರುಗುವ ದಂಡ) ಥ್ರೆಡ್ಡಿನ ಹೊರವ್ಯಾಸ 28.5 ಮಿ.ಮೀ. 2 ಮಿ.ಮೀ. ಪಿಚ್ (ಅಕ್ಕಪಕ್ಕದ ಥ್ರೆಡ್‌ಗಳ ನಡುವಿನ ಅಂತರ) ಗೇಜ್ ಕೂರುವ ಹಾಗೆ ಕಾಣುತ್ತದೆ. ಎಂ28×2 (28 ಮಿ.ಮೀ. ವ್ಯಾಸ, 2 ಮಿ.ಮೀ. ಪಿಚ್) ಬ್ಯಾಕ್‌ಪ್ಲೇಟ್ (ಚಕ್ಕನ್ನು ಸ್ಪಿಂಡಲ್ಲಿಗೆ ಜೋಡಿಸುವ ತಟ್ಟೆ) ಕೊಳ್ಳಬಹುದೇ?

ಉತ್ತರ 1: ಬೇಡ ಸರ್. ಎಂ28 ಹೊರಥ್ರೆಡ್ಡಿನ ವ್ಯಾಸ 28 ಮಿ.ಮೀ. ದಾಟುವುದಿಲ್ಲ. 25.4 ಮಿ.ಮೀ. (ಒಂದು ಇಂಚು) ಉದ್ದದಲ್ಲಿ ಎಷ್ಟು ಥ್ರೆಡ್ ಇವೆ ಎಣಿಸಿ. 12 ಬಂದರೆ ಪಿಚ್ 2.117 ಮಿ.ಮೀ. ಗೇಜನ್ನು ಬೆಳಕಿಗೆ ಹಿಡಿದು ನೋಡಿ: ಮೊದಲ ಕೆಲವು ಹಲ್ಲು ಕೂತು, ಆಮೇಲೆ ಸಂದು ಕಾಣುತ್ತದೆ. ಹತ್ತು ಥ್ರೆಡ್ಡಿಗೆ 1 ಮಿ.ಮೀ.ಗೂ ಹೆಚ್ಚು ವ್ಯತ್ಯಾಸ. 1⅛ ಇಂಚು (28.575 ಮಿ.ಮೀ.), ಇಂಚಿಗೆ 12 ಥ್ರೆಡ್, 55 ಡಿಗ್ರಿ ವಿಟ್‌ವರ್ತ್ (ಹಳೆಯ ಬ್ರಿಟಿಷ್ ಥ್ರೆಡ್ ಮಾದರಿ) ಎಂದರೆ ಮೈಫೋರ್ಡ್ ಎಂಎಲ್7 ಎಂಬ ಬ್ರಿಟಿಷ್ ಲೇತಿನ ಸ್ಪಿಂಡಲ್ ಮೂಗು (ತುದಿ).

ಉತ್ತರ 2: ಥ್ರೆಡ್ಡಿನ ಹಿಂದಿರುವ ನಯವಾದ ರಿಜಿಸ್ಟರನ್ನೂ (ಥ್ರೆಡ್ ಇಲ್ಲದ ದುಂಡು ಭಾಗ) ಅಳೆಯಿರಿ, ಎಂಎಲ್7ರಲ್ಲಿ ಅದು 31.75 ಮಿ.ಮೀ., ಸ್ಪಿಂಡಲ್ ಒಳಗೆ 2ನೇ ಮೋರ್ಸ್ ಟೇಪರ್ (ಒಳಕ್ಕೆ ಕಿರಿದಾಗುವ ರಂಧ್ರದ ಅಳತೆ). ಚಕ್ಕನ್ನು ನೇರವಾಗಿ ಕೂರಿಸುವುದು ರಿಜಿಸ್ಟರ್ ಮತ್ತು ಭುಜ (ಅದರ ಹಿಂದಿನ ಚಪ್ಪಟೆ ಮುಖ). ಥ್ರೆಡ್ ಎಳೆದು ಹಿಡಿಯುತ್ತದೆ ಅಷ್ಟೆ. ಭುಜಕ್ಕೆ ತಾಗದೆ ನಿಂತರೆ ಬಲವಂತ ಮಾಡಬೇಡಿ. ಲೋಹದ ಚೂರು, ಬರ್ (ಎದ್ದ ಚೂಪು ಅಂಚು) ಇದೆಯೇ ನೋಡಿ. ಬ್ಯಾಕ್‌ಪ್ಲೇಟಿನ ಸ್ಪಿಗಟ್ಟನ್ನು (ಚಕ್ಕಿನೊಳಗೆ ಕೂರುವ ಉಬ್ಬು) ಕೊನೆಗೆ, ನಿಮ್ಮದೇ ಸ್ಪಿಂಡಲ್ ಮೇಲೆ ಕೂರಿಸಿಯೇ ಟರ್ನ್ ಮಾಡಿ.

ಉತ್ತರ 3: ಯೂನಿಮ್ಯಾಟ್ ಎಸ್‌ಎಲ್ ಎಂಬ ಪುಟ್ಟ ಲೇತ್ ಇರುವವರಿಗೆ: ಅದರ ಸ್ಪಿಂಡಲ್ ಥ್ರೆಡ್ ಎಂ12×1. ಯೂನಿಮ್ಯಾಟ್ 3 ಎಂ14×1. ಚಕ್‌ಗಳು ಅದಲುಬದಲಾಗುವುದಿಲ್ಲ.