ಇರುವೆ ಮೊಟ್ಟೆ ಹೊತ್ತಿವೆ, ರಾಗಿ ಬಿತ್ತಲಾ?

ತಿಪಟೂರು ಕಡೆಯಿಂದ, ಕೇಳಿದ್ದು:
ಹನ್ನೆರಡು ವರ್ಷ ಬೆಂಗಳೂರಲ್ಲಿದ್ದು ಈ ವರ್ಷ ಊರಿಗೆ ಬಂದಿದ್ದೇನೆ. ಎರಡು ಎಕರೆ ಖುಷ್ಕಿ, ಅಂದರೆ ಮಳೆ ನಂಬಿದ ಹೊಲ, ರಾಗಿ ಹಾಕಬೇಕು. ಪುನರ್ವಸು ಮಳೆ ಹುಟ್ಟಿ ನಾಲ್ಕು ದಿನ ಆಯ್ತು. ಮೊನ್ನೆ ಒಂದು ಸಣ್ಣ ಮಳೆ ಬಂತು. ನಿನ್ನೆ ರಾತ್ರಿ ಚಂದ್ರ ಗುಡಿ ಕಟ್ಟಿದ್ದ, ಸುತ್ತ ಉಂಗುರ ಕಾಣ್ತಿತ್ತು. ಬೆಳಗ್ಗೆ ನೋಡಿದರೆ ಗೋಡೆ ಮೇಲೆ ಇರುವೆಗಳು ಮೊಟ್ಟೆ ಹೊತ್ತು ಸಾಲು ಹಿಡಿದಿವೆ. ಅಜ್ಜ ಇದ್ದಿದ್ದರೆ ಕೇಳಬಹುದಿತ್ತು. ಬಿತ್ತಲಾ, ಕಾಯಲಾ? ಇದನ್ನೆಲ್ಲ ಎಷ್ಟು ನಂಬಬಹುದು?

ಹಾಸನ ಕಡೆಯಿಂದ:
ಮಳೆ ಹೆಸರು ಬೇರೆ, ಮಳೆ ಗುರುತು ಬೇರೆ. ಎರಡನ್ನೂ ಕಲಸಬೇಡಿ. ಭರಣಿ, ಕೃತ್ತಿಕೆ, ರೋಹಿಣಿ ಅಂದರೆ ಸೂರ್ಯ ಆ ನಕ್ಷತ್ರದಲ್ಲಿರುವ 13–14 ದಿನ. ಸೂರ್ಯನ ಲೆಕ್ಕ ಆದ್ದರಿಂದ ಯುಗಾದಿಯ ಹಾಗೆ ತಾರೀಖು ಹಿಂದೆ ಮುಂದೆ ಓಡಾಡುವುದಿಲ್ಲ. ಆರಿದ್ರಾ ಜೂನ್ 22ರ ಆಸುಪಾಸು, ಪುನರ್ವಸು ಜುಲೈ 6, ಪುಷ್ಯ ಜುಲೈ 20. ಇದು ಕೆಲಸದ ಕ್ಯಾಲೆಂಡರ್ ಅಷ್ಟೇ, ಇವತ್ತು ಮಳೆ ಬರುತ್ತೆ ಅನ್ನುವ ಭವಿಷ್ಯ ಅಲ್ಲ. "ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ" ಅಂತಾರಲ್ಲ, ಏಪ್ರಿಲ್ ಕೊನೆಗೆ ಒಂದು ಮಳೆ ಸಿಕ್ಕರೆ ಉಕ್ಕೆ ಹೊಡೆದು (ಹೊಲ ಉತ್ತು) ಎಳ್ಳು, ಹೆಸರು, ಅಲಸಂದೆ ಹಾಕಬಹುದು ಅನ್ನುವ ಖುಷಿ ಅದು.

ರಾಗಿಗೆ ನೀವೇನೂ ತಡ ಮಾಡಿಲ್ಲ. ಎಂಆರ್-6 ಥರ ನಾಲ್ಕು ತಿಂಗಳು ಹಿಡಿಯುವ ತಳಿ ಆದರೆ ಜುಲೈಯಲ್ಲೇ ಮುಗಿಸಿ. ಮಳೆ ಎಳೆದಾಡಿದರೆ ಜಿಪಿಯು-28 ಹಾಕಿ, ಬೇಗ ಕೊಯ್ಲಿಗೆ ಬರುತ್ತೆ.

ಬಿತ್ತುವ ಮುಂಚೆ ಗುದ್ದಲಿ ಹಾಕಿ ನೋಡಿ. ಗೇಣುದ್ದ ಆದರೂ ನೆಂದಿರಬೇಕು. ಆ ಮಣ್ಣನ್ನು ಮುಷ್ಟಿಯಲ್ಲಿ ಹಿಸುಕಿದರೆ ಉಂಡೆ ಕಟ್ಟಬೇಕು, ಕೈಬಿಟ್ಟರೆ ನೆಲಕ್ಕೆ ಬಿದ್ದು ಪುಡಿಯಾಗಬೇಕು. ಅಂಟಿಕೊಂಡೇ ಇದ್ದರೆ ಒಂದು ದಿನ ತಡೀರಿ. ನಮ್ಮಪ್ಪ ಹದ ಅಂತಿದ್ದದ್ದು ಇದಕ್ಕೇ.

ತೀರ್ಥಹಳ್ಳಿ ಕಡೆಯಿಂದ:
ಇರುವೆ ನಂಬಿ ನಾನು ಸರಿಯಾಗಿ ಏಟು ತಿಂದಿದ್ದೇನೆ. ಒಂದು ಸಲ ಮೇ ಕೊನೆಗೆ ಜಗಲಿ ಕಂಬದ ಬುಡದಿಂದ ಇರುವೆಗಳು ಮೊಟ್ಟೆ ಸಾಗಿಸುತ್ತಿದ್ದವು. ಮಳೆ ಬಂದೇ ಬಿಟ್ಟಿತು ಅಂದುಕೊಂಡು, ಅಡಿಕೆಗೆ ಕೊಳೆ ರೋಗ ತಡೆಯುವ ಬೋರ್ಡೋ ಔಷಧಿ ಹೊಡೆಯುವವರಿಗೆ ನಾಳೆ ಬರಬೇಡಿ ಅಂತ ಫೋನ್ ಮಾಡಿದೆ. ಎಂಟು ದಿನ ಸುಡು ಬಿಸಿಲು! ಆಮೇಲೆ ನೋಡಿದರೆ, ಅಮ್ಮ ಹೂವಿನ ಕುಂಡಗಳನ್ನು ಅದೇ ಕಂಬದ ಹತ್ತಿರ ಇಟ್ಟು ದಿನಾ ನೀರು ಹಾಕುತ್ತಿದ್ದರು. ಗೂಡು ಒದ್ದೆಯಾದರೆ ಇರುವೆ ಹೊರಡುತ್ತೆ. ಅದು ಮಳೆ ನೀರೋ ಚೊಂಬಿನ ನೀರೋ, ಅದಕ್ಕೇನು ಬೇಕು? ಅಷ್ಟರಲ್ಲಿ ಔಷಧಿ ಹೊಡೆಯುವವರು ಬೇರೆ ತೋಟ ಹಿಡಿದಿದ್ದರು. ಮುಂಗಾರಿಗೆ ಮುಂಚೆ ಆಗಬೇಕಿದ್ದ ಸಿಂಪಡಣೆ ತಪ್ಪಿ, ಆ ವರ್ಷ ಕೊಳೆ ರೋಗಕ್ಕೆ ಅರ್ಧ ಫಸಲು ಹೋಯಿತು.

ಚಂದ್ರನ ಗುಡಿ ಸುಳ್ಳಲ್ಲ. ತುಂಬಾ ಎತ್ತರದ ತೆಳು ಮೋಡದಲ್ಲಿ ಮಂಜಿನ ಹರಳುಗಳಿದ್ದರೆ ಬೆಳಕು ಬಾಗಿ ಉಂಗುರ ಕಾಣುತ್ತೆ. ಮೇಲೆ ಮೋಡ ಇದೆ ಅಂತಾಯ್ತು. ಅದು ನಿಮ್ಮ ಎರಡು ಎಕರೆಗೇ ಸುರಿಯುತ್ತೆ ಅಂತ ಅಲ್ವಲ್ಲ.

ಗದಗ ಕಡೆಯಿಂದ:
ನಮ್ಮಲ್ಲಿ ಕಾರಹುಣ್ಣಿಮೆಗೆ ಎತ್ತು ಓಡಿಸಿ ಕರಿ ಹರಿಯುವಾಗ ಬಿಳಿ ಎತ್ತು ಮುಂದೆ ಬಂದರೆ ಹಿಂಗಾರಿ ಚಲೋ, ಕೆಂದೆತ್ತು ಬಂದರೆ ಮುಂಗಾರಿ ಚಲೋ ಅಂತಾರೆ. ಅಪ್ಪ ಸಿಳ್ಳೆ ಹೊಡೆದು ಓಟ ನೋಡುತ್ತಿದ್ದರು. ಬೀಜ ಮಾತ್ರ ಎರಡು ಹಂಗಾಮಿಗೂ ತಂದಿಡುತ್ತಿದ್ದರು!

ನಾನು ಮೊಬೈಲಲ್ಲಿ ಹವಾಮಾನ ಇಲಾಖೆಯ ಮೇಘದೂತ್ ಆ್ಯಪ್ ನೋಡುತ್ತೇನೆ. ಮಂಗಳವಾರ, ಶುಕ್ರವಾರ ಜಿಲ್ಲೆಗೆ ಬೆಳೆ ಸಲಹೆ ಬರುತ್ತೆ. ಭರಣಿ, ಕೃತ್ತಿಕೆ ಹೊತ್ತಿನ ಗುಡುಗು ಮಳೆಗೆ ದಾಮಿನಿ ಆ್ಯಪ್ ಕೂಡ ಇರಲಿ, ಸಿಡಿಲಿನ ಎಚ್ಚರಿಕೆ ಕೊಡುತ್ತೆ. ಆಗ ಹೊಲದಲ್ಲಿದ್ದರೆ ಮರದ ಕೆಳಗೆ ಮಾತ್ರ ನಿಲ್ಲಬೇಡಿ.

ಮತ್ತೆ ತಿಪಟೂರು ಕಡೆಯಿಂದ:
ಈಗಷ್ಟೇ ಹೊಲದಿಂದ ಬಂದೆ. ಮೂರು ಕಡೆ ಅಗೆದೆ. ನಾಲ್ಕು ಬೆರಳು ಕೆಳಗೆ ಒಣ ಧೂಳು. ಅಂಗಳಕ್ಕೆ ತಂದಿಟ್ಟಿದ್ದ ಬೀಜದ ಚೀಲ ವಾಪಸ್ ಅಟ್ಟ ಹತ್ತಿತು. ಹಾಂ, ಇರುವೆ ಸಾಲು ಹಿಡಿದ ಗೋಡೆಯ ಆಚೆಗೇ ನಮ್ಮ ಬಚ್ಚಲಿದೆ.