ಚಯಾಪಚಯ ಅಂದ್ರೆ ಸಾಕಾ? ಬಿಳಿ ರಕ್ತಕಣ, ಗ್ಲೂಕೋಸು, ಇನ್ಸುಲಿನ್ನು

ಎಲ್ರಿಗೂ ನಮಸ್ಕಾರ. ಮನುಷ್ಯರ ಬಿಳಿ ರಕ್ತಕಣಗಳು ಗ್ಲೂಕೋಸನ್ನ ಹೇಗೆ ಬಳಸ್ತವೆ, ಅದರಲ್ಲಿ ಇನ್ಸುಲಿನ್ ಪಾತ್ರ ಏನು ಅಂತ ಒಂದು ಲೇಖನ ಬರೀತಿದೀನಿ, ಕ್ರಿಯಾಪದಗಳ ಹತ್ರ ಸಿಕ್ಕಾಕೊಂಡಿದೀನಿ. ಪುಸ್ತಕದ ಕನ್ನಡದಲ್ಲಿ ಎಲ್ಲಕ್ಕೂ ಸೇರಿಸಿ 'ಚಯಾಪಚಯ'. ಪದ ಚೆನ್ನಾಗೇ ಇದೆ, ಕೂಡಿಡೋ ಚಯ ಒಡೆಯೋ ಅಪಚಯ ಎರಡೂ ಅದರೊಳಗೇ ಇವೆ, ಆದ್ರೆ 'ಇನ್ಸುಲಿನ್ ಚಯಾಪಚಯದ ಮೇಲೆ ಪ್ರಭಾವ ಬೀರುತ್ತದೆ' ಅಂತ ಬರೆದ್ರೆ ಯಾವುದು ಹೆಚ್ಚಾಯ್ತು ಯಾವುದು ಕಮ್ಮಿಯಾಯ್ತು ಓದೋರಿಗೆ ಏನೂ ಗೊತ್ತಾಗಲ್ಲ.

ದೊಡ್ಡ ತಲೆನೋವು ಗ್ಲೂಕೋಸು ರಕ್ತದಿಂದ ಕಣದ ಒಳಕ್ಕೆ ಹೋಗೋದು. 'ಹೀರಿಕೊಳ್ಳುವಿಕೆ' ಅನ್ನೋಣ ಅಂದ್ರೆ ಕರುಳು ಆಹಾರದಿಂದ ಹೀರೋದಕ್ಕೂ ಅದೇ ಪದ. ಮಾತಲ್ಲಿ ಎಲ್ರೂ ಹೇಳೋದು ಇನ್ಸುಲಿನ್ ಬೀಗದಕೈ ಇದ್ದಂಗೆ, ಬಾಗಿಲು ತೆಗೆದು ಸಕ್ಕರೇನ ಒಳಗೆ ಬಿಡತ್ತೆ ಅಂತ. ಸ್ನಾಯುಗೆ, ಕೊಬ್ಬಿನ ಜೀವಕೋಶಕ್ಕೆ ಇದು ಸರಿ, ಅಲ್ಲಿ ಗ್ಲುಟ್-4 ಅನ್ನೋ ಸಾಗಣೆ ಪ್ರೋಟೀನು ಇನ್ಸುಲಿನ್ ಬಂದಾಗ ಒಳಗಿಂದ ಎದ್ದು ಪೊರೆಗೆ ಬಂದು ಕೂರತ್ತೆ. ಬಿಳಿ ರಕ್ತಕಣದಲ್ಲಿ ಹೆಚ್ಚಾಗಿ ಕೆಲಸ ಮಾಡೋದು ಗ್ಲುಟ್-1, ಗ್ಲುಟ್-3, ಅವು ಇನ್ಸುಲಿನ್‌ಗೆ ಕಾಯ್ತಾ ಕೂರಲ್ಲ, ಅದಿಲ್ದಿದ್ರೂ ಗ್ಲೂಕೋಸು ಒಳಗೆ ಹೋಗ್ತಾನೇ ಇರತ್ತೆ. ಹಂಗಂತ ಇನ್ಸುಲಿನ್ನಿಗೂ ಇವಕ್ಕೂ ಸಂಬಂಧಾನೇ ಇಲ್ಲ ಅಂತಲ್ಲ. ಮೊನೋಸೈಟ್ ಅನ್ನೋ ಬಿಳಿ ಕಣದ ಮೇಲೆ ಇನ್ಸುಲಿನ್ ಗ್ರಾಹಕ ಇದೆ, ಅಂದ್ರೆ ಇನ್ಸುಲಿನ್ ಬಂದು ಅಂಟ್ಕೊಳೋ ಪ್ರೋಟೀನು (ರಿಸೆಪ್ಟರ್), ಟಿ ಲಿಂಫೋಸೈಟ್ ಅನ್ನೋ ಇನ್ನೊಂದು ಬಗೆಯ ಬಿಳಿ ಕಣ ಸುಮ್ನಿದ್ದಾಗ ಅದರ ಮೇಲೆ ತೀರಾ ಕಮ್ಮಿ, ಅದು ಸೋಂಕಿಗೆ ಚುರುಕಾದ್ರೆ ಗ್ರಾಹಕಾನೂ ಜಾಸ್ತಿ ಆಗತ್ತೆ ಗ್ಲೂಕೋಸಿನ ಬೇಡಿಕೇನೂ ಏರತ್ತೆ. ('ಗ್ರಾಹಕ' ಅಂದ್ರೆ ಅಂಗಡಿಗೆ ಬಂದೋರು ಅಂತಾನೇ ಓದ್ಕೋತಾರೆ, ಅದು ಇನ್ನೊಂದು ಜಗಳ, ಇವತ್ತು ಬೇಡ.)

ಆಮೇಲೆ ಒಳಗೆ ಹೋದ ಗ್ಲೂಕೋಸನ್ನ ಒಡೆಯೋದು. 'ಸಕ್ಕರೆ ಸುಡೋದು', 'ದಹನ' ನಂಗಂತೂ ಇಲ್ಲಿ ಬೇಡ. ನ್ಯೂಟ್ರೋಫಿಲ್ ಅನ್ನೋ ಬಿಳಿ ಕಣದಲ್ಲಿ ಆಮ್ಲಜನಕ ಬಳಸಿ ಶಕ್ತಿ ತೆಗೆಯೋ ಮೈಟೋಕಾಂಡ್ರಿಯಾ ಕಮ್ಮಿ, ಸುತ್ತ ಆಮ್ಲಜನಕ ಇದ್ರೂ ಗ್ಲೂಕೋಸನ್ನ ಪೂರ್ತಿ ಸುಡದೆ ಹೆಚ್ಚಿನ ಪಾಲನ್ನ ಲ್ಯಾಕ್ಟೇಟ್ ತನಕ ಒಡೆದು ಬಿಟ್ಟುಬಿಡತ್ತೆ. ಬ್ಯಾಕ್ಟೀರಿಯಾ ನುಂಗಿದಾಗ ಗಟ್ಟಿಯಾಗೇ ಆಮ್ಲಜನಕ ಎಳ್ಕೊಳತ್ತೆ ನಿಜ, ಆದ್ರೆ ಅದು ಕೊಲ್ಲೋ ರಾಸಾಯನಿಕ ತಯಾರಿಸೋಕೆ, ಶಕ್ತಿಗಲ್ಲ. ರಕ್ತ ತೆಗೆದು ಟ್ಯೂಬಲ್ಲಿ ಹಂಗೇ ಬಿಟ್ರೆ ಗ್ಲೂಕೋಸು ಗಂಟೆಗೆ ಸುಮಾರು 5–7% ಇಳಿಯೋದೂ ರಕ್ತಕಣಗಳು ಹೀಗೆ ಒಡೀತಾ ಇರೋದ್ರಿಂದಾನೇ, ಲ್ಯುಕೀಮಿಯಾ ಅನ್ನೋ ರಕ್ತದ ಕ್ಯಾನ್ಸರ್‌ನಲ್ಲಿ ಬಿಳಿ ಕಣ ವಿಪರೀತ ಇದ್ದಾಗ ರಿಪೋರ್ಟಲ್ಲಿ ಸಕ್ಕರೆ ಸುಳ್ಳೇ ಕಮ್ಮಿ ತೋರಿಸೋದೂ ಉಂಟು, ಫ್ಲೋರೈಡ್ ಹಾಕಿದ ಟ್ಯೂಬ್ ಬಳಸೋದು ಇದನ್ನ ತಡೆಯೋಕೆ. ಇಲ್ಲಿ ನಾನು 'ತಿಂದುಬಿಡ್ತವೆ' ಅಂತ ಬರೆದಿದೀನಿ, ಸಂಪಾದಕರು ಒಪ್ತಾರೋ ಇಲ್ವೋ.

ಗ್ಲೂಕೋಸನ್ನ ಪೋಣಿಸಿ ಗ್ಲೈಕೊಜೆನ್ ಮಾಡಿ ಇಟ್ಕೊಳೋದಕ್ಕೆ 'ಕೂಡಿಡು' ಸಾಕು, ಅದರಲ್ಲಿ ಗೊಂದಲ ಇಲ್ಲ.

ಈಗ ಕೇಳ್ಬೇಕಿರೋದು ಮೊದಲನೇದಕ್ಕೆ, ಅಂದ್ರೆ ಗ್ಲೂಕೋಸು ಕಣದ ಒಳಕ್ಕೆ ಹೋಗೋದಕ್ಕೆ ಯಾವ ಪದ ಅಂತ. 'ಒಳಸಾಗಣೆ' ಅಂದ್ರೆ ಯಾರೋ ಹೊತ್ಕೊಂಡು ಹೋದಂಗೆ ಇರತ್ತೆ, ಪ್ರೋಟೀನು ಮಾಡೋದೂ ಅದನ್ನೇ ಆದ್ದರಿಂದ ನನಗೆ ಇಷ್ಟ. 'ಒಳಸೆಳೆತ' ಅಂದ್ರೆ ನದೀಲಿ ಸುಳಿ ಎಳೆದಂಗೆ ಆಗಲ್ವಾ? 'ಟಿ ಲಿಂಫೋಸೈಟ್ ಚುರುಕಾದಾಗ ಗ್ಲೂಕೋಸಿನ ಒಳಸಾಗಣೆ ಹೆಚ್ಚುತ್ತದೆ', ಈ ವಾಕ್ಯ ನಿಮ್ಮ ಕಿವಿಗೆ ಹೇಗೆ ಕೇಳತ್ತೆ? ವೈದ್ಯಕೀಯ ಕನ್ನಡ ಬರೆಯೋರು ಬೇರೆ ಏನಾದ್ರೂ ಬಳಸ್ತಿದ್ರೆ ವಾಕ್ಯದ ಸಮೇತ ತಿಳಿಸಿ.